ಬಾಯಿಗೆ ಸಲ್ಲದ್ದು ಹಣ್ಣಿನ ತಟ್ಟೆಗೂ ಸಲ್ಲದು

ಇತ್ತೀಚಿನ ವಲೀಮಾ, ಮೆಹಂದಿ, ಅಕೀಕಾ ಕೂಟಗಳಲ್ಲಿ ಸಿಹಿಗೆಂದೇ ಬೇರೊಂದು ಮೇಜು ಹಾಕುವುದು ರೂಢಿಯಾಗಿದೆ. ಪುಡ್ಡಿಂಗ್, ಫಿರ್ನಿ, ಹಲ್ವಾಗಳ ನಡುವೆ ಎತ್ತರಕ್ಕೆ ನಿಂತಿರುವುದು ಹಣ್ಣಿನ ಅಲಂಕಾರ. ಕಲ್ಲಂಗಡಿಯಲ್ಲಿ ಕೆತ್ತಿದ ಹೂವು, ಅನಾನಸಿನ ನವಿಲು, ದ್ರಾಕ್ಷಿಯ ಗೋಪುರ. ಮಕ್ಕಳು ಬೆರಳು ತೋರಿಸುತ್ತಾರೆ, ದೊಡ್ಡವರು ಫೋಟೋ ತೆಗೆಯುತ್ತಾರೆ. ಕೂಟ ಮುಗಿದ ಮೇಲೆ ಅದು ಬಂದಂತೆಯೇ ಹಾಲ್‌ನ ಹಿಂಬದಿಯ ಕಸದ ಡ್ರಮ್ಮಿಗೆ ಹೋಗುತ್ತದೆ.

ಅದನ್ನು ಯಾರೂ ತಿನ್ನದಿರುವುದಕ್ಕೆ ಕಾರಣವಿದೆ. ಒಳಗೆ ಥರ್ಮಾಕೋಲ್ ಇರುತ್ತದೆ, ಹಣ್ಣುಗಳನ್ನು ಪಿನ್ನು ಚುಚ್ಚಿ ನಿಲ್ಲಿಸಿರುತ್ತಾರೆ. ಮಧ್ಯಾಹ್ನ ಕತ್ತರಿಸಿದ ಹಣ್ಣು ರಾತ್ರಿಯವರೆಗೆ ದೀಪಗಳ ಬಿಸಿಗೆ ಬೆವರುತ್ತಾ ಕೂತಿರುತ್ತದೆ. ಯಾರಾದರೂ ಕೈ ಹಾಕಿದರೆ ಬಡಿಸುವವರೇ ‘ಅದು ಶೋಗೆ ಇಟ್ಟದ್ದು’ ಎನ್ನುತ್ತಾರೆ. ಆದರೆ ಚಿಕ್ಕ ಮಕ್ಕಳಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಎಟುಕಿದ ಹಣ್ಣನ್ನು ಅವರು ಬಾಯಿಗೆ ಹಾಕಿಕೊಂಡೇ ಬಿಡುತ್ತಾರೆ.

ಹಣ್ಣಿನ ಅಲಂಕಾರವೇ ಬೇಡವೆಂದಲ್ಲ. ಔತಣದ ಮೇಜಿನ ಮೇಲೆ ಎಣ್ಣೆ, ಮೈದಾ, ಸಕ್ಕರೆ ಇಲ್ಲದ ಏಕೈಕ ತಿನಿಸು ಬಹುಶಃ ಅದೊಂದೇ. ಅದನ್ನು ತಿನ್ನಲೆಂದೇ ಕಟ್ಟಬೇಕು. ಅದಕ್ಕೆ ಒಂದೇ ನಿಯಮ ನೆನಪಿಟ್ಟುಕೊಳ್ಳಿ: ಬಾಯಿಗೆ ಸಲ್ಲದ್ದು ಹಣ್ಣಿಗೂ ಸಲ್ಲದು. ಹಣ್ಣನ್ನು ಮುಟ್ಟುವ ಚಾಕು, ಮಣೆ, ನೀರು, ಎಲೆ, ಕಡ್ಡಿ, ಕೈ ಎಲ್ಲವನ್ನೂ ಈ ನಿಯಮದಿಂದ ಅಳೆಯಿರಿ. ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ಯಾವ ಕೆತ್ತನೆಯ ಕಲೆಯೂ ಇಲ್ಲದೆ ಇದನ್ನು ಹೇಗೆ ಮಾಡಬಹುದೆಂದು ನೋಡೋಣ.

ಚಾಕು ತಗಲಿದಾಗಲೇ ಗಡಿಯಾರ ಶುರು

ಇಡೀ ಹಣ್ಣಿಗೆ ಸಿಪ್ಪೆಯೇ ರಕ್ಷಣೆ. ಹೊರಗಿನ ಮಣ್ಣು, ಧೂಳು, ರೋಗಾಣುಗಳು ಸಿಪ್ಪೆಯ ಮೇಲೆಯೇ ಉಳಿಯುತ್ತವೆ. ಚಾಕು ಇಳಿದ ಕ್ಷಣದಲ್ಲಿ ಆ ಗೋಡೆ ಒಡೆಯುತ್ತದೆ. ಸಿಪ್ಪೆಯ ಮೇಲಿದ್ದುದನ್ನು ಚಾಕುವಿನ ಅಲಗೇ ಒಳಕ್ಕೆ ಎಳೆದೊಯ್ಯುತ್ತದೆ. ಒಳಗೆ ಬೇಕಾದಷ್ಟು ನೀರೂ ಸಕ್ಕರೆಯೂ ಇದೆ. ಬೆಚ್ಚನೆಯ ವಾತಾವರಣವೂ ಸೇರಿದರೆ ರೋಗಾಣುಗಳು ಬೇಗ ಬೇಗ ಬೆಳೆಯುತ್ತವೆ.

ಆಹಾರ ಸುರಕ್ಷತೆಯ ಲೆಕ್ಕದಲ್ಲಿ 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅಪಾಯದ ವಲಯ. ಕತ್ತರಿಸಿದ ಹಣ್ಣು ಈ ವಲಯದಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ಕರಾವಳಿಯ ಮದುವೆ ಹಾಲ್ ಆಗಲಿ, ಕಲಬುರಗಿ-ರಾಯಚೂರಿನ ಶಾಮಿಯಾನವಾಗಲಿ, ನಿಮಗೆ ಸಿಗುವುದು ಆ 1 ಗಂಟೆಯೇ ಎಂದುಕೊಳ್ಳಿ.

ಎಲ್ಲ ಹಣ್ಣುಗಳೂ ಒಂದೇ ಅಲ್ಲ. ಅನಾನಸು, ಕಿತ್ತಳೆ, ದ್ರಾಕ್ಷಿ, ದಾಳಿಂಬೆಗಳಲ್ಲಿ ಹುಳಿಯಿದೆ; ಹುಳಿಯಲ್ಲಿ ರೋಗಾಣುಗಳು ನಿಧಾನವಾಗಿ ಬೆಳೆಯುತ್ತವೆ. ಕಲ್ಲಂಗಡಿ, ಕರಬೂಜ, ಪಪ್ಪಾಯಿಗಳಲ್ಲಿ ಹುಳಿ ತೀರಾ ಕಡಿಮೆ. ಮೊದಲ ಎರಡು ನೆಲಕ್ಕೆ ತಾಗಿಕೊಂಡೇ ಬೆಳೆಯುತ್ತವೆ. ಕರಬೂಜದ ಬಲೆಯಂಥ ಒರಟು ಸಿಪ್ಪೆಯ ಸಂದುಗಳಲ್ಲಿ ಮಣ್ಣು ಕೂತರೆ ಸುಲಭವಾಗಿ ಬಿಡುವುದಿಲ್ಲ. 2011ರಲ್ಲಿ ಅಮೆರಿಕದ ಕೊಲರಾಡೊದ ಒಂದು ತೋಟದಿಂದ ಹೋದ ಕರಬೂಜಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ 30ಕ್ಕೂ ಹೆಚ್ಚು ಮಂದಿ ಸತ್ತರು. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಗರ್ಭಿಣಿಯರಿಗೆ ತಗಲಿದರೆ ಗರ್ಭಪಾತವೂ ಆಗಬಹುದು. ಆದ್ದರಿಂದ ಮೊದಲ ಸಲ ಮಾಡುವವರು ಕರಬೂಜವನ್ನು ಬಿಟ್ಟುಬಿಡುವುದೇ ಮೇಲು. ಕಲ್ಲಂಗಡಿಯನ್ನು ಬಳಸಿ, ಆದರೆ ಎಲ್ಲಕ್ಕಿಂತ ತಡವಾಗಿ ಹೊರಗೆ ತನ್ನಿ.

ಇಡೀ ಹಣ್ಣಿನ ಎತ್ತರ, ಕತ್ತರಿಸಿದ ಹಣ್ಣಿನ ಸರದಿ

ಹಾಗಾದರೆ 3 ಗಂಟೆ ನಡೆಯುವ ಕೂಟಕ್ಕೆ ಅಲಂಕಾರ ನಿಲ್ಲುವುದು ಹೇಗೆ? ಉಪಾಯ ಸರಳ. ಕಣ್ಣಿಗೆ ಬೇಕಾದ ಎತ್ತರವನ್ನೂ ಬಣ್ಣವನ್ನೂ ಇಡೀ ಹಣ್ಣುಗಳಿಂದ ಕೊಡಿ. ಕಿತ್ತಳೆ, ಸೇಬು, ಬಾಳೆಯ ಚಿಪ್ಪು, ದ್ರಾಕ್ಷಿಯ ಗೊಂಚಲು ಎಷ್ಟು ಹೊತ್ತು ಕೂತರೂ ಕೆಡುವುದಿಲ್ಲ. ಕೂಟ ಮುಗಿದ ಮೇಲೂ ಅವು ಮನೆಗೆ ಹೋಗುವ ಹಣ್ಣುಗಳೇ. ಕತ್ತರಿಸಿದ ಹಣ್ಣನ್ನು ಮಾತ್ರ ಎರಡು ಪಾಲು ಮಾಡಿ. ಒಂದು ಪಾಲು ಮೇಜಿನ ಮೇಲಿರಲಿ, ಇನ್ನೊಂದು ಫ್ರಿಜ್ಜಿನಲ್ಲಿರಲಿ. ಮೊದಲನೆಯದು ಮುಗಿದಾಗ, ಇಲ್ಲವೇ ಅದರ ಸಮಯ ತೀರಿದಾಗ, ಎರಡನೆಯದನ್ನು ತನ್ನಿ.

30 ಮಂದಿಯ ಕೂಟಕ್ಕೆ ತಲಾ 150 ಗ್ರಾಂ ತಿನ್ನುವ ಹಣ್ಣು ಧಾರಾಳ. ಊಟ, ಸಿಹಿ ಎಲ್ಲ ಇರುವ ಕಡೆ ಇದಕ್ಕಿಂತ ಹೆಚ್ಚು ತಂದರೆ ಮಿಗುವುದೇ ಹೆಚ್ಚು. ಸಿಪ್ಪೆ ತೆಗೆದ ಮೇಲೆ ಕಲ್ಲಂಗಡಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅನಾನಸಿನಲ್ಲಿ ಅರ್ಧದಷ್ಟು ಮಾತ್ರ ಉಳಿಯುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಹೀಗೆ ತರಬಹುದು:

ಮಧ್ಯಮ ಗಾತ್ರದ ಅನಾನಸು 2, ಎರಡೂವರೆ ಕಿಲೋದ ಕಲ್ಲಂಗಡಿ 1, ಬೀಜವಿಲ್ಲದ ದ್ರಾಕ್ಷಿ ಮುಕ್ಕಾಲು ಕಿಲೋ, ಕಿತ್ತಳೆ 8, ದಾಳಿಂಬೆ 2, ಪೇರಳೆ ಅಥವಾ ಸೇಬು 3, ಖರ್ಜೂರ ಅರ್ಧ ಕಿಲೋ, ನಿಂಬೆ 4, ಪುದೀನ ಒಂದು ಕಟ್ಟು, ಬಾಳೆ ಎಲೆ 2, ಗಟ್ಟಿಯಾದ ದೊಡ್ಡ ಎಲೆಕೋಸು 1, ಆರು ಇಂಚಿನ ಬಿದಿರಿನ ಕಡ್ಡಿ 42.

ಎಲೆಕೋಸು ಏಕೆಂದು ನಿಮಗೆ ಆಶ್ಚರ್ಯವಾಗಬಹುದು. ಕಡ್ಡಿಗಳನ್ನು ಚುಚ್ಚಿ ನಿಲ್ಲಿಸಲು ಥರ್ಮಾಕೋಲ್‌ಗಿಂತ ಅದು ಎಷ್ಟೋ ಮೇಲು. ಅದು ಭಾರವಿರುವುದರಿಂದ ಅಲುಗಾಡುವುದಿಲ್ಲ, ಬಿಗಿಯಾಗಿರುವುದರಿಂದ ಕಡ್ಡಿಯನ್ನು ಗಟ್ಟಿ ಹಿಡಿಯುತ್ತದೆ. ಪುಡಿ ಉದುರುವುದೂ ಇಲ್ಲ. ಮರುದಿನ ಪಲ್ಯಕ್ಕೂ ಆಗುತ್ತದೆ.

ಮಾವಿನ ಕಾಲವಾದರೆ ಮಾವು ಇಲ್ಲದ ಮೇಜು ಯಾರಿಗೂ ಹಿಡಿಸದು. ಆದರೆ ಕಾಯಿಯನ್ನು ಹಣ್ಣಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಇತಿಮಿತಿಯಲ್ಲಿ ಎಥಿಲೀನ್ ಅನಿಲ ಬಳಸಲು ಮಾತ್ರ ಅನುಮತಿಯಿದೆ. ಕೂಟಕ್ಕೆ ನಾಲ್ಕೈದು ದಿನ ಮೊದಲೇ ಬಲಿತ ಮಾವನ್ನು ತಂದು ಮನೆಯಲ್ಲೇ ಹುಲ್ಲಿನಲ್ಲೋ ಕಾಗದದಲ್ಲೋ ಇಟ್ಟು ಹಣ್ಣು ಮಾಡಿಕೊಂಡರೆ ಸಂಶಯಕ್ಕೆ ಎಡೆಯೇ ಇಲ್ಲ.

ಕೋಳಿ ತೊಳೆಯುವ ಜಾಗದಲ್ಲಿ ಹಣ್ಣು ಬೇಡ

ಔತಣದ ದಿನ ಅಡುಗೆಮನೆಯಲ್ಲಿ ಬಿರಿಯಾನಿಗೆ ಕೋಳಿ, ಆಡಿನ ಮಾಂಸ ಸಿದ್ಧವಾಗುತ್ತಿರುತ್ತದೆ. ಅದೇ ಹೊತ್ತಿಗೆ ಹಣ್ಣನ್ನೂ ಕತ್ತರಿಸುತ್ತಾರೆ. ಹಣ್ಣಿನ ತಟ್ಟೆಗೆ ದೊಡ್ಡ ಅಪಾಯ ಬರುವುದು ಇಲ್ಲಿಂದಲೇ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮಾಂಸ ಬೇಯುತ್ತದೆ, ಆದ್ದರಿಂದ ಅದರಲ್ಲಿದ್ದುದು ಸಾಯುತ್ತದೆ. ಹಣ್ಣು ಬೇಯುವುದಿಲ್ಲ. ಮಾಂಸದ ಮಣೆಯಿಂದ ಹಣ್ಣಿಗೆ ಬಂದದ್ದು ನೇರವಾಗಿ ಅತಿಥಿಗಳ ಹೊಟ್ಟೆಗೆ ಹೋಗುತ್ತದೆ.

ಸಾಧ್ಯವಾದರೆ ಹಣ್ಣಿನ ಕೆಲಸಕ್ಕೆ ಅಡುಗೆಮನೆಯನ್ನೇ ಬಿಡಿ. ಊಟದ ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಬೇರೆಯೇ ಮಣೆ, ಬೇರೆಯೇ ಚಾಕು ಇಟ್ಟುಕೊಳ್ಳಿ. ಮೀನು ಮಾಂಸ ಕೊಯ್ಯುವ ಮೆಟ್ಟುಕತ್ತಿ ಹಣ್ಣಿನ ಹತ್ತಿರ ಬರಲೇಬಾರದು. ಕಬ್ಬಿಣದ ಅಲಗು ತಗಲಿದರೆ ಹಣ್ಣು ಕಪ್ಪಾಗುವುದೂ ಉಂಟು. ಹಣ್ಣು ಕತ್ತರಿಸುವವರು ಆ ಕೆಲಸವನ್ನಷ್ಟೇ ಮಾಡಲಿ. ನಡುವೆ ಎದ್ದು ಮಸಾಲೆಗೆ ಕೈ ಹಾಕಿ ಬರುವುದು ಬೇಡ. ವಾಂತಿ ಭೇದಿಯಾಗುತ್ತಿರುವವರು ಈ ಕೆಲಸಕ್ಕೆ ಕೂರಬಾರದು. ಬೆರಳಲ್ಲಿ ಗಾಯವಿದ್ದರೆ ಪಟ್ಟಿ ಕಟ್ಟಿ, ಅದರ ಮೇಲೆ ಕೈಗವಸು ಹಾಕಿಕೊಳ್ಳಲಿ. ಕೈಯನ್ನು ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಿ ತೊಳೆಯಬೇಕು. ಉಂಗುರ, ಬಳೆಗಳನ್ನು ತೆಗೆದಿಡಿ. ಮೆಹಂದಿ ಹಚ್ಚಿದ ಕೈಗೂ ಇದೇ ನಿಯಮ.

ಹಣ್ಣನ್ನು ತೊಳೆಯಬೇಕಾದದ್ದು ಕತ್ತರಿಸುವ ಮೊದಲು. ಸಿಪ್ಪೆ ಸುಲಿಯುವ ಹಣ್ಣಾದರೂ ಸರಿ, ತೊಳೆಯಲೇಬೇಕು. ಹರಿಯುವ ಶುದ್ಧ ನೀರಿನಲ್ಲಿ ಕೈಯಿಂದ ಉಜ್ಜಿ. ಕಲ್ಲಂಗಡಿ, ಅನಾನಸುಗಳಿಗೆ ಈ ಕೆಲಸಕ್ಕೆಂದೇ ಇಟ್ಟ ಹೊಸ ಬ್ರಶ್ ಬಳಸಿ. ಪಾತ್ರೆ ತೊಳೆಯುವ ಸೋಪು, ಡಿಟರ್ಜೆಂಟ್ ಬೇಡ. ಹಣ್ಣಿನ ಸಿಪ್ಪೆಯ ಸಣ್ಣ ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ದ್ರಾಕ್ಷಿಯನ್ನು ಸಣ್ಣ ಗೊಂಚಲುಗಳಾಗಿ ಬಿಡಿಸಿ, ಉಪ್ಪುನೀರಿನಲ್ಲಿ ಕೆಲವು ನಿಮಿಷ ಅದ್ದಿ, ಮತ್ತೆ ಹರಿಯುವ ನೀರಿನಲ್ಲಿ ತೊಳೆಯಿರಿ. ಉಪ್ಪುನೀರು ಧೂಳು, ಸಣ್ಣ ಹುಳಗಳನ್ನು ಬಿಡಿಸುತ್ತದೆಯೇ ಹೊರತು ಎಲ್ಲ ರೋಗಾಣುಗಳನ್ನೂ ಕೊಲ್ಲುವುದಿಲ್ಲ. ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ಒದ್ದೆಯಾಗಿರುವ ಹಣ್ಣು ಬೇಗ ಕೆಡುತ್ತದೆ, ಜೋಡಿಸುವಾಗ ಜಾರುತ್ತದೆ.

ಕಪ್ಪಾಗದಂತೆ, ನೀರೊಡೆಯದಂತೆ

ಸೇಬು, ಪೇರಳೆ, ಬಾಳೆಹಣ್ಣುಗಳನ್ನು ಕತ್ತರಿಸಿದರೆ ಸ್ವಲ್ಪ ಹೊತ್ತಿಗೆ ಕಂದಾಗುತ್ತವೆ. ಹಣ್ಣಿನೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮಾಡುವ ಕೆಲಸ ಅದು. ಕಂದಾದ ಮಾತ್ರಕ್ಕೆ ಹಣ್ಣು ಕೆಟ್ಟಿದೆಯೆಂದಲ್ಲ, ಆದರೆ ಯಾರೂ ಮುಟ್ಟುವುದಿಲ್ಲ. ನಿಂಬೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ. 1 ಲೀಟರ್ ಕುಡಿಯುವ ನೀರಿಗೆ 4 ದೊಡ್ಡ ಚಮಚ ನಿಂಬೆರಸ ಸೇರಿಸಿ, ಹೋಳುಗಳನ್ನು ಎರಡು ಮೂರು ನಿಮಿಷ ಅದ್ದಿ ತೆಗೆಯಿರಿ. ಬಾಳೆಹಣ್ಣನ್ನು ಮಾತ್ರ ಕತ್ತರಿಸಲೇಬೇಡಿ, ಚಿಪ್ಪಿನಲ್ಲೇ ಇಡಿ.

ಕಲ್ಲಂಗಡಿ ಹೋಳು ನೀರು ಬಿಡುತ್ತದೆ. ಅದನ್ನು ಕಡ್ಡಿಗೆ ಪೋಣಿಸುವಾಗ ಎಲ್ಲಕ್ಕಿಂತ ಕೆಳಗಿಟ್ಟರೆ ಕೆಂಪು ನೀರು ಉಳಿದ ಹಣ್ಣುಗಳ ಮೇಲೆ ಇಳಿಯುವುದಿಲ್ಲ. ಹೋಳುಗಳನ್ನು ಜರಡಿ ಬುಟ್ಟಿಯಲ್ಲಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ನೀರು ಸೋರಲು ಬಿಡಿ. ಅನಾನಸಿನ ‘ಕಣ್ಣು’ಗಳನ್ನು ಪೂರ್ತಿ ತೆಗೆಯಿರಿ. ಅನಾನಸು ತಿಂದರೆ ನಾಲಿಗೆ ಕೆರೆಯುವುದು ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವದಿಂದ. ಹೋಳುಗಳನ್ನು ತೆಳ್ಳಗಿನ ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ಈ ತೊಂದರೆ ಕಡಿಮೆ.

ಹಣ್ಣಿನ ಜೊತೆಗೆ ಜೆಲ್ಲಿ ಇಡುವ ಆಸೆಯಿದ್ದರೆ ಒಂದು ಮಾತು. ಅಂಗಡಿಯ ಅನೇಕ ಜೆಲ್ಲಿಗಳು, ಮಾರ್ಷ್‌ಮೆಲೋಗಳು ಜಿಲೆಟಿನ್‌ನಿಂದ ಆಗಿರುತ್ತವೆ. ಜಿಲೆಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಯಾವ ಪ್ರಾಣಿ, ಹೇಗೆ ಕೊಯ್ದದ್ದು ಎಂಬುದು ಪೊಟ್ಟಣದಲ್ಲಿ ಸ್ಪಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಕಡಲ ಪಾಚಿಯಿಂದ ಆಗುವ ಚೈನಾ ಗ್ರಾಸ್ ನಮ್ಮ ಮನೆಗಳಿಗೆ ಹೊಸದೇನಲ್ಲ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ. ಹಸಿ ಅನಾನಸು, ಪಪ್ಪಾಯಿ ಸೇರಿಸಿದರೆ ಅವುಗಳ ಕಿಣ್ವ ಜಿಲೆಟಿನ್‌ಅನ್ನು ಕರಗಿಸಿಬಿಡುತ್ತದೆ. ಚೈನಾ ಗ್ರಾಸ್‌ಗೆ ಆ ತೊಂದರೆಯಿಲ್ಲ.

ಕಟ್ಟುವ ಕ್ರಮ

ಮೊದಲು ಅಗಲವಾದ ಸ್ಟೀಲ್ ಹರಿವಾಣದ ಮೇಲೆ ತೊಳೆದು ಒರೆಸಿದ ಬಾಳೆ ಎಲೆ ಹಾಸಿ. ಎಲೆಕೋಸಿನ ಹೊರಗಿನ ಎರಡು ಮೂರು ಪದರ ತೆಗೆದು ತೊಳೆಯಿರಿ. ತೊಟ್ಟಿನ ಭಾಗವನ್ನು ಸಮವಾಗಿ ಕತ್ತರಿಸಿ ಹರಿವಾಣದ ನಡುವೆ ಅಲುಗದಂತೆ ಕೂರಿಸಿ. ಅನಾನಸಿನ ಜುಟ್ಟನ್ನು ಬ್ರಶ್ಶಿನಿಂದ ಚೆನ್ನಾಗಿ ತೊಳೆದು, ಎರಡು ಕಡ್ಡಿಗಳಿಂದ ಎಲೆಕೋಸಿನ ನೆತ್ತಿಗೆ ಸಿಕ್ಕಿಸಿ. ಇಷ್ಟಕ್ಕೇ ಎತ್ತರ ಬರುತ್ತದೆ.

ಎಲೆಕೋಸಿನ ಸುತ್ತ ಸಿಪ್ಪೆ ಸಹಿತ ನಾಲ್ಕು ಕಿತ್ತಳೆ, ಬಾಳೆಯ ಚಿಪ್ಪು, ದ್ರಾಕ್ಷಿಯ ಗೊಂಚಲುಗಳನ್ನು ಜೋಡಿಸಿ. ದೊಡ್ಡವು ಕೆಳಗೆ, ಸಣ್ಣವು ಮೇಲೆ ಬರಲಿ. ಸಂದುಗಳಲ್ಲಿ ಪುದೀನ ಸಿಕ್ಕಿಸಿ. ಒಂದು ಬದಿಗೆ ಖರ್ಜೂರದ ಬಟ್ಟಲು, ಇನ್ನೊಂದು ಬದಿಗೆ ದಾಳಿಂಬೆ ಕಾಳಿನ ಬಟ್ಟಲು ಇಡಿ. ಬಟ್ಟಲಿಗೊಂದು ಚಮಚ ಬೇಕೇ ಬೇಕು. ಹತ್ತು ಕೈಗಳು ಒಂದೇ ಬಟ್ಟಲಿಗೆ ಇಳಿಯಬಾರದು.

ಉಳಿದದ್ದು ಕಡ್ಡಿಗಳ ಕೆಲಸ. ಪ್ರತಿ ಕಡ್ಡಿಗೆ ಕೆಳಗಿನಿಂದ ಕಲ್ಲಂಗಡಿ, ಪೇರಳೆ, ಅನಾನಸು, ಒಂದು ದ್ರಾಕ್ಷಿ ಎಂಬಂತೆ ನಾಲ್ಕು ತುಂಡು. ಕೆಳತುದಿಯಲ್ಲಿ ಎರಡು ಇಂಚು ಖಾಲಿ ಬಿಡಿ. ಮೇಲಿನ ಚೂಪು ತುದಿ ದ್ರಾಕ್ಷಿಯಿಂದ ಹೊರಗೆ ಬರದಿರಲಿ. 20 ಕಡ್ಡಿಗಳ ಎರಡು ಪಾಲು ಮಾಡಿ. ಮೊದಲ ಪಾಲನ್ನು ಎಲೆಕೋಸಿಗೆ ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತು ಬಿಟ್ಟು ಒಂದು ಸುತ್ತು ಚುಚ್ಚುತ್ತಾ ಹೋದರೆ ಅರಳಿದ ಹೂವಿನಂತೆ ಕಾಣುತ್ತದೆ. ತಂಪು ಬೇಕಿದ್ದರೆ ಹರಿವಾಣದ ಕೆಳಗೆ ಇನ್ನೊಂದು ಅಗಲದ ತಟ್ಟೆಯಲ್ಲಿ ಐಸ್ ಇಡಿ. ಹಣ್ಣಿನ ಮೇಲೆ ಸುರಿಯಬೇಡಿ. ಅಂಗಡಿಯ ಐಸ್ ಯಾವ ನೀರಿನದೆಂದು ನಮಗೆ ಗೊತ್ತಿರುವುದಿಲ್ಲ.

ಗಂಟೆಯ ಲೆಕ್ಕ

ಸಿಹಿಯ ಮೇಜು ರಾತ್ರಿ 8.30ಕ್ಕೆ ತೆರೆಯುವುದೆಂದು ಇಟ್ಟುಕೊಳ್ಳಿ. ಹಿಂದಿನ ದಿನ ಹಣ್ಣು ತಂದು, ಮೆತ್ತಗಾದವನ್ನು ಬೇರ್ಪಡಿಸಿ, ತೊಳೆಯದೆ ಇಡಿ. ಅಂದು ಸಂಜೆ 4ಕ್ಕೆ ತೊಳೆದು ಒರೆಸಿ. 5.30ಕ್ಕೆ ಅನಾನಸು, ಆಮೇಲೆ ಕಲ್ಲಂಗಡಿ ಕತ್ತರಿಸಿ, ತಗ್ಗಾದ ಮುಚ್ಚಳದ ಡಬ್ಬಗಳಲ್ಲಿ ಹಾಕಿ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಆಳವಾದ ಪಾತ್ರೆಯಲ್ಲಿ ತುಂಬಿದರೆ ನಡುವಿನ ಹಣ್ಣು ತಣ್ಣಗಾಗಲು ತುಂಬಾ ಹೊತ್ತು ಬೇಕು. 7ಕ್ಕೆ ಪೇರಳೆ ಕತ್ತರಿಸಿ ಕಡ್ಡಿಗಳನ್ನು ಪೋಣಿಸಿ, ಎರಡು ತಟ್ಟೆಗಳಲ್ಲಿ ಮುಚ್ಚಿ ಮತ್ತೆ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿನಲ್ಲಿ ಇವು ಹಸಿ ಮಾಂಸಕ್ಕಿಂತ ಮೇಲಿನ ಅಂತಸ್ತಿನಲ್ಲಿರಲಿ.

8ಕ್ಕೆ ಇಡೀ ಹಣ್ಣುಗಳ ಅಲಂಕಾರ ಮುಗಿಯಲಿ. 8.25ಕ್ಕೆ ಮೊದಲ ಪಾಲಿನ ಕಡ್ಡಿಗಳು ಮೇಜಿಗೆ ಬರಲಿ. 9.15ರ ಹೊತ್ತಿಗೆ ಉಳಿದ ಕಡ್ಡಿಗಳನ್ನು ತೆಗೆದು ಎರಡನೆಯ ಪಾಲು ಇಡಿ. 10.10ಕ್ಕೆ ಕತ್ತರಿಸಿದ ಹಣ್ಣೆಲ್ಲ ಮೇಜಿನಿಂದ ಇಳಿಯಬೇಕು. ಈ ಒಂದು ಕೆಲಸವನ್ನು ಮನೆಯ ಹದಿಹರೆಯದ ಹುಡುಗನಿಗೋ ಹುಡುಗಿಗೋ ಒಪ್ಪಿಸಿ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲು ಹೇಳಿ. ಅತಿಥಿಗಳ ನಡುವೆ ಮನೆಯಾಕೆಗೆ ಗಡಿಯಾರ ನೋಡಲು ಪುರುಸೊತ್ತು ಇರುವುದಿಲ್ಲ.

ಹಾಲ್‌ನಲ್ಲಿ ಫ್ರಿಜ್ ಇಲ್ಲದಿದ್ದರೆ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಡಬ್ಬಗಳನ್ನು ಮುಚ್ಚಿ ತರಬಹುದು. ಆದರೆ ಅದು ಮೀನು ತರುವ ಪೆಟ್ಟಿಗೆಯಾಗಿರಬಾರದು, ಎಷ್ಟು ತೊಳೆದಿದ್ದರೂ.

ಇವು ಹಣ್ಣಿನ ಹತ್ತಿರ ಬೇಡ

ಹೂವಿನ ಅಂಗಡಿಯ ಹಸಿರು ಸ್ಪಂಜು ಬೇಡ. ಅದು ರಾಸಾಯನಿಕದಿಂದ ಮಾಡಿದ್ದು, ಒತ್ತಿದರೆ ಪುಡಿಯಾಗುತ್ತದೆ. ಗುಂಡುಪಿನ್ನು, ಸ್ಟೇಪಲ್, ತಂತಿ ಬೇಡ. ಕಣಗಿಲೆ ಹೂವಂತೂ ಬೇಡವೇ ಬೇಡ. ಗಿಡದ ಎಲ್ಲ ಭಾಗಗಳೂ ಹೃದಯಕ್ಕೆ ವಿಷ. ದೇವಕಣಗಿಲೆಯ ಹಾಲೂ ಬಾಯಿ, ಚರ್ಮಗಳಿಗೆ ಉರಿ ತರುತ್ತದೆ. ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ. ಮನೆಯಂಗಳದಲ್ಲಿ ಔಷಧ ಹೊಡೆಯದೆ ಬೆಳೆದ ಗುಲಾಬಿ, ದಾಸವಾಳ ಇದ್ದರೆ ತೊಳೆದು ಇಡಬಹುದು. ಇಲ್ಲವಾದರೆ ಪುದೀನವೇ ಸಾಕು.

ಮಿನುಗುವ ಪುಡಿ, ಬಣ್ಣದ ಸ್ಪ್ರೇ ಬೇಡ. ಹೊಗೆ ಏಳಲೆಂದು ಇಡುವ ಡ್ರೈ ಐಸ್ ಬೇಡ. ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಘನ ಇಂಗಾಲದ ಡೈಆಕ್ಸೈಡ್. ಮಗುವೊಂದು ಐಸ್ ಎಂದುಕೊಂಡು ಬಾಯಿಗೆ ಹಾಕಿದರೆ ಬಾಯಿ, ಅನ್ನನಾಳ ಸುಟ್ಟುಹೋಗುತ್ತವೆ. ಬೇಕರಿಯ ಕೆಂಪು ‘ಚೆರ್ರಿ’ ಬಹುತೇಕ ಚೆರ್ರಿಯೇ ಅಲ್ಲ; ಕರಂಡೆ ಕಾಯಿಯನ್ನು ಸಕ್ಕರೆ ಪಾಕ, ಬಣ್ಣಗಳಲ್ಲಿ ಅದ್ದಿದ್ದು. ಹಣ್ಣಿನ ಮೇಜಿಗೆ ಅದರ ಅಗತ್ಯವಿಲ್ಲ. ಅಷ್ಟು ಕೆಂಪು ದಾಳಿಂಬೆಯಲ್ಲಿ ಇದೆ.

ನಕ್ಷತ್ರದಂತೆ ಕಾಣುತ್ತದೆಂದು ಧಾರೆಹುಳಿಯನ್ನು ಕೊಯ್ದು ಅಲಂಕರಿಸುವವರಿದ್ದಾರೆ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಅದು ವಿಷ. ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಸಾವಿನವರೆಗೂ ಹೋಗಬಹುದು. 30 ಮಂದಿಯಲ್ಲಿ ಯಾರ ಮೂತ್ರಪಿಂಡ ಹೇಗಿದೆಯೆಂದು ನಮಗೆ ತಿಳಿದಿರುವುದಿಲ್ಲವಾದ್ದರಿಂದ ಬಿಟ್ಟುಬಿಡುವುದೇ ಜಾಣತನ.

ಯಾರಿಗೆ ಹೇಗೆ ಕೊಡಬೇಕು

5 ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬೇಡಿ. ಅದರ ಗಾತ್ರ, ನುಣುಪು ಮಗುವಿನ ಶ್ವಾಸನಾಳಕ್ಕೆ ಬಿರಡೆ ಹಾಕಿದಂತೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ, ಕೂರಿಸಿ ತಿನ್ನಿಸಿ. ಖರ್ಜೂರದ ಬೀಜ ತೆಗೆಯಿರಿ. ಮಕ್ಕಳಿಗೆ ಕಡ್ಡಿಯೂ ಬೇಡ. ಸಣ್ಣ ಕಪ್ಪುಗಳಲ್ಲಿ ಚಿಕ್ಕ ತುಂಡುಗಳನ್ನು ತುಂಬಿ ಬೇರೆಯೇ ಇಟ್ಟರೆ ಅವರೂ ಖುಷಿ, ತಾಯಂದಿರಿಗೂ ನೆಮ್ಮದಿ.

ಸಕ್ಕರೆ ಕಾಯಿಲೆ ಇರುವವರು ಹಣ್ಣನ್ನು ಪೂರ್ತಿ ಬಿಡಬೇಕಿಲ್ಲ. ಪೇರಳೆ, ಸೇಬು, ಕಿತ್ತಳೆಗಳಲ್ಲಿ ನಾರು ಹೆಚ್ಚು. ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಖರ್ಜೂರ, ಮಾವು, ಬಾಳೆಯಲ್ಲಿ ಎಚ್ಚರವಿರಲಿ. ಬಿರಿಯಾನಿ, ಪುಡ್ಡಿಂಗ್ ಎರಡನ್ನೂ ತಿಂದ ಮೇಲೆ ಹಣ್ಣೂ ಲೆಕ್ಕಕ್ಕೆ ಸೇರುತ್ತದೆ. ಹಣ್ಣಿನ ಮೇಲೆ ಜೇನು, ಸಕ್ಕರೆ ಪಾಕ, ಮಿಲ್ಕ್‌ಮೇಡ್ ಸುರಿಯಬೇಡಿ. ಬೇಕಾದವರಿಗೆ ಪಕ್ಕದಲ್ಲಿ ಬಟ್ಟಲಿನಲ್ಲಿ ಇಡಿ. ಹೀಗೆ ಬೇರೆ ಇಟ್ಟರೆ ಹಿರಿಯರಿಗೆ ಎಲ್ಲರೆದುರು ‘ನನಗೆ ಬೇಡ’ ಎನ್ನುವ ಮುಜುಗರ ತಪ್ಪುತ್ತದೆ.

ಗರ್ಭಿಣಿಯರು ಮೊದಲ ಪಾಲಿನ ಹಣ್ಣನ್ನೇ, ಇಲ್ಲವೇ ತಾವೇ ಸುಲಿದ ಕಿತ್ತಳೆ, ಬಾಳೆಗಳನ್ನು ತಿನ್ನುವುದು ಒಳ್ಳೆಯದು.

ಕೇಟರಿಂಗ್‌ನವರಿಗೆ ಒಪ್ಪಿಸುವುದಾದರೆ ಮೂರು ಪ್ರಶ್ನೆ ಕೇಳಿ. ಹಣ್ಣನ್ನು ಎಷ್ಟು ಗಂಟೆಗೆ ಕತ್ತರಿಸುತ್ತೀರಿ? ಅಲ್ಲಿಂದ ಮೇಜಿಗೆ ಬರುವವರೆಗೆ ಎಲ್ಲಿಡುತ್ತೀರಿ? ಒಳಗೆ ಏನಿಟ್ಟು ನಿಲ್ಲಿಸುತ್ತೀರಿ? ‘ಇದನ್ನು ಅತಿಥಿಗಳು ತಿನ್ನುತ್ತಾರೆ’ ಎಂದು ಮೊದಲೇ ಹೇಳಿಬಿಡಿ. ಈ ಒಂದು ಮಾತಿಗೆ ಅವರ ಕೆಲಸದ ರೀತಿಯೇ ಬದಲಾಗುತ್ತದೆ.

ಮಿಕ್ಕದ್ದು ಏನಾಗಬೇಕು

ಕೂಟ ಮುಗಿದ ಮೇಲೆ ಹಣ್ಣನ್ನು ಮೂರು ಭಾಗ ಮಾಡಿ. ಇಡೀ ಹಣ್ಣುಗಳನ್ನೂ ಖರ್ಜೂರವನ್ನೂ ನೆರೆಯವರಿಗೆ, ಕೆಲಸಕ್ಕೆ ಬಂದವರಿಗೆ ಸಂತೋಷದಿಂದ ಕೊಡಿ. ಫ್ರಿಜ್ಜಿನಿಂದ ಹೊರಗೇ ಬಾರದ ಹೋಳುಗಳನ್ನು ಮರುದಿನ ತಿನ್ನಬಹುದು. ಮೇಜಿನ ಮೇಲೆ ಸಮಯ ತೀರಿದ ಹೋಳುಗಳನ್ನು ಮಾತ್ರ ಯಾರಿಗೂ ಕಟ್ಟಿಕೊಡಬೇಡಿ. ನಾವು ತಿನ್ನಲು ಹಿಂಜರಿಯುವುದನ್ನು ಬಡವರ ಮನೆಗೆ ಕಳಿಸುವುದು ದಾನವಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದಾರೆ, ಕೆಟ್ಟ ಹಣ್ಣಿನಿಂದ ಬಂದ ವಾಂತಿ ಭೇದಿಗೆ ಆಸ್ಪತ್ರೆಯ ಖರ್ಚು ಅವರಿಗೇ ಹೆಚ್ಚು ಭಾರ. ದುಂದು ಮಾಡಬಾರದೆಂಬುದು ಸರಿಯೇ. ಅದನ್ನು ತಡೆಯಬೇಕಾದದ್ದು ತರುವಾಗ ಮತ್ತು ಕತ್ತರಿಸುವಾಗ. ಕೆಟ್ಟದ್ದನ್ನು ಹಂಚಿ ಅಲ್ಲ.

ಕಡ್ಡಿಗಳನ್ನು ಎಣಿಸಿ. 42 ಬಳಸಿದ್ದರೆ 42 ವಾಪಸ್ ಬರಬೇಕು. ಸಿಪ್ಪೆಯನ್ನು ಹಸುವಿಗೆ, ಆಡಿಗೆ ಹಾಕುವವರು ಅದರಲ್ಲಿ ಒಂದೇ ಒಂದು ಕಡ್ಡಿಯೂ ಉಳಿಯದಂತೆ ನೋಡಿಕೊಳ್ಳಿ. ಮೂಕಪ್ರಾಣಿಯ ಗಂಟಲು, ಹೊಟ್ಟೆಗೆ ಅದು ಚುಚ್ಚಿಕೊಳ್ಳುತ್ತದೆ. ಕಲ್ಲಂಗಡಿಯ ಹಸಿರು ತೊಗಟೆ ಹೆರೆದು ಉಳಿದ ಬಿಳಿ ಭಾಗವನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಮರುದಿನ ನೆನೆದ ಅಕ್ಕಿಯೊಂದಿಗೆ ರುಬ್ಬಿ ದೋಸೆ ಹೊಯ್ಯಬಹುದು. ಕರಾವಳಿಯ ಮನೆಗಳಲ್ಲಿ ಇದು ಹಳೆಯ ರೂಢಿ. ಎಲೆಕೋಸಿನ ತೂತುಬಿದ್ದ ಮೇಲ್ಪದರ ತೆಗೆದು ತೊಳೆದು ಚೆನ್ನಾಗಿ ಬೇಯಿಸಿದರೆ ಪಲ್ಯವೂ ಆಯಿತು.

ಈ ಅಲಂಕಾರದಲ್ಲಿ ಹಂಸವಿಲ್ಲ, ನವಿಲಿಲ್ಲ. ಫೋಟೋದಲ್ಲಿ ಸ್ವಲ್ಪ ಸಾದಾ ಕಾಣಬಹುದು. ಆದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೈಚಾಚಿ ತಿನ್ನಬಹುದಾದದ್ದು, ತಿಂದು ಮರುದಿನ ಯಾರೂ ಹೊಟ್ಟೆ ಹಿಡಿದುಕೊಳ್ಳಬೇಕಾಗಿಲ್ಲದ್ದು. ಮುಂದಿನ ಕೂಟಕ್ಕೆ ಒಂದು ಎಲೆಕೋಸು, 42 ಕಡ್ಡಿ ತಂದು ಮಾಡಿ ನೋಡಿ. ಮೇಜು ಎತ್ತುವ ಹೊತ್ತಿಗೆ ಹರಿವಾಣದಲ್ಲಿ ಬಾಳೆ ಎಲೆ ಮಾತ್ರ ಉಳಿದಿದ್ದರೆ ನಿಮ್ಮ ಅಲಂಕಾರ ಗೆದ್ದಿತೆಂದು ತಿಳಿಯಿರಿ.